ಸಾರುವುದೂ ಸಾಕುವುದೂ



ಕ್ರೈಸ್ತನಾದವನು ತನ್ನ ವಿಶ್ವಾಸವನ್ನು ಇನ್ನೊಬ್ಬರಿಗೆ ಹೇಳಬೇಕೆ? ಹೇಳುವುದಾದರೆ ಹೇಗೆ ಹೇಳಬೇಕು? ಹೇಳಿದ ಮೇಲೆ ಅವನ ಹೊಣೆ ಎಲ್ಲಿಯವರೆಗೆ? ಈ ಮೂರು ಪ್ರಶ್ನೆಗಳು ಇಂದಿನ ಉಪನ್ಯಾಸದ ವಿಷಯ. ಮೊದಲೆರಡನ್ನು ಕುರಿತು ನಮ್ಮ ಸಭೆಗಳಲ್ಲಿ ಸಾಕಷ್ಟು ಮಾತು ನಡೆದಿದೆ. ಮೂರನೆಯದನ್ನು ನಾವು ಕೇಳಿಕೊಳ್ಳುವುದೇ ಅಪರೂಪ. ಅದನ್ನು ಮೊದಲು ಕೇಳಿಕೊಂಡರೆ ಉಳಿದೆರಡಕ್ಕೂ ಉತ್ತರ ಸುಲಭವಾಗುತ್ತದೆಂಬುದು ನನ್ನ ನಂಬಿಕೆ.

ನಮ್ಮ ಭಾಷೆಯಲ್ಲಿ ಅಕ್ಕಪಕ್ಕದ ಎರಡು ಮಾತುಗಳಿವೆ: ಸಾರುವುದು, ಸಾಕುವುದು. ಸಾರುವುದೆಂದರೆ ಡಂಗುರ ಹೊಡೆದು ಊರಿಗೆಲ್ಲ ತಿಳಿಸುವುದು. ಸಾಕುವುದೆಂದರೆ ಕೂಸನ್ನೋ ಕರುವನ್ನೋ ಅದು ತನ್ನ ಕಾಲ ಮೇಲೆ ನಿಲ್ಲುವ ತನಕ ನೋಡಿಕೊಳ್ಳುವುದು. ಸಾರುವುದಕ್ಕೆ ಒಂದು ಸಂಜೆಯಾದರೆ ಆಯಿತು. ಸಾಕುವುದಕ್ಕೆ ವರ್ಷಗಳು ಹಿಡಿಯುತ್ತವೆ. ಸಾಕುವ ಮನಸ್ಸಿಲ್ಲದವರು ಸಾರಲು ಹೊರಡಬಾರದು. ಸಾಕಬಲ್ಲವರು ಬಾಯಿ ಮುಚ್ಚಿ ಕೂರಬಾರದು. ನನ್ನ ವಾದವಿಷ್ಟೆ. ಇದಕ್ಕೆ ಆಧಾರಗಳನ್ನು ನಾನು ಹುಡುಕಿರುವುದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ನೆಲದಲ್ಲಿಯೇ.

1. ಸತ್ತಿಹಳ್ಳಿಯ ಎರಡು ಲೆಕ್ಕ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಮೈಸೂರು ಸೀಮೆಯಲ್ಲಿ ಚೆದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸುವ ಕೆಲಸ ಫ್ರಾನ್ಸಿನ ಒಬ್ಬ ಪಾದ್ರಿಯ ಪಾಲಿಗೆ ಬಂತು. ಅವರು ಅಬ್ಬೆ ದುಬ್ವಾ. ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಗೆ ಸೇರಿದವರು. 1792ರಲ್ಲಿ ಭಾರತಕ್ಕೆ ಬಂದು, 1823ರಲ್ಲಿ ಹಿಂದಿರುಗಿದರು. ಈ ನಾಡಿನ ಉಡುಪು ಉಟ್ಟು, ಈ ನಾಡಿನ ಊಟ ಉಂಡು ಬಾಳಿದ ಅವರನ್ನು ಜನ ದೊಡ್ಡ ಸ್ವಾಮಿಯವರೆಂದು ಕರೆದರು. ಹಿಂದೂಗಳ ನಡೆನುಡಿ, ಆಚಾರಗಳನ್ನು ಕುರಿತ ಅವರ ದೊಡ್ಡ ಗ್ರಂಥ ವಿದ್ವಾಂಸರಿಗೆಲ್ಲ ಪರಿಚಿತ. ನಮಗೆ ಇಲ್ಲಿ ಬೇಕಾಗಿರುವುದು ಅವರ ಇನ್ನೊಂದು ಪುಸ್ತಕ. ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಗತಿಯನ್ನು ಕುರಿತು ಅವರು ಬರೆದ ಪತ್ರಗಳು 1823ರಲ್ಲಿ ಅಚ್ಚಾದವು.

ಆ ಪತ್ರಗಳಲ್ಲಿ ಅವರು ತಮ್ಮ ದುಡಿಮೆಯ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಸುತ್ತಾರೆ. ಇಪ್ಪತ್ತೈದು ವರ್ಷಗಳಲ್ಲಿ ತಾವು ಕ್ರೈಸ್ತಧರ್ಮಕ್ಕೆ ತಂದವರು ಇನ್ನೂರರಿಂದ ಮುನ್ನೂರು ಮಂದಿ; ಅವರಲ್ಲಿ ಮೂರರಲ್ಲಿ ಎರಡು ಪಾಲು ಗತಿಯಿಲ್ಲದ ಬಡವರು; ಬೇರೆ ಯಾವುದೋ ಆಸೆಯಿಂದ ಬಂದ ಎಷ್ಟೋ ಮಂದಿ ಆಸೆ ಕೈಗೂಡದೆ ಮರಳಿಹೋದರು. ಈ ನಾಡಿನಲ್ಲಿ ಸುವಾರ್ತೆ ಬೇರೂರುವ ಭರವಸೆ ತಮಗಿಲ್ಲವೆಂದು ಆ ವೃದ್ಧ ಪಾದ್ರಿ ತೀರ್ಮಾನಿಸಿದರು. ಮರುವರ್ಷವೇ ಜೇಮ್ಸ್ ಹಫ್ ಎಂಬ ಪ್ರಾಟೆಸ್ಟೆಂಟ್ ಪಾದ್ರಿ ಇದಕ್ಕೆ ಪುಸ್ತಕರೂಪದ ಉತ್ತರ ಬರೆದು, ಅಂಥ ನಿರಾಶೆಗೆ ಕಾರಣವಿಲ್ಲವೆಂದು ವಾದಿಸಿದರು.

ಇಬ್ಬರೂ ಪ್ರಾಮಾಣಿಕರು. ಇಬ್ಬರೂ ಎಣಿಸುತ್ತಿದ್ದದ್ದು ತಲೆಗಳನ್ನು. ದುಬ್ವಾ ಅವರದೇ ಬದುಕಿನಲ್ಲಿ ಇನ್ನೊಂದು ಲೆಕ್ಕವಿತ್ತು, ಅದು ಅವರ ತೀರ್ಮಾನದೊಳಗೆ ಬರಲೇ ಇಲ್ಲ. ನೆಲೆ ತಪ್ಪಿದ ಕ್ರೈಸ್ತ ಕುಟುಂಬಗಳಿಗಾಗಿ ಅವರು ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಬೇಸಾಯದ ಊರೊಂದನ್ನು ಕಟ್ಟಿದರು. ಸಿಡುಬು ಊರೂರನ್ನೇ ಬರಿದು ಮಾಡುತ್ತಿದ್ದ ಕಾಲದಲ್ಲಿ ಜನರ ಅಂಜಿಕೆ ಬಿಡಿಸಿ ದೇವಿ ಹಾಕಿಸುವ ಕೆಲಸಕ್ಕೆ ನಿಂತರು. 1803–04ರ ಸುಮಾರಿನಲ್ಲಿ ಹಾಗೆ ದೇವಿ ಹಾಕಿಸಿಕೊಂಡವರ ಸಂಖ್ಯೆ 25,000 ದಾಟಿತು. ಹೊಸ ವಿಷಯವೊಂದನ್ನು ನಂಬದ ಜನ ಒಬ್ಬ ಮನುಷ್ಯನನ್ನು ನಂಬಿ ತಮ್ಮ ಮಕ್ಕಳ ತೋಳನ್ನು ಮುಂದೆ ಚಾಚಿದರು. ವಿಶ್ವಾಸವೆಂಬುದು ಒಬ್ಬರಿಂದೊಬ್ಬರಿಗೆ ದಾಟುವುದೂ ಇದೇ ದಾರಿಯಲ್ಲಿ: ಮೊದಲು ಹೇಳುವವನ ಮೇಲೆ ನಂಬಿಕೆ, ಆಮೇಲೆ ಹೇಳಿದ ಮಾತಿನ ಮೇಲೆ.

ಸಾರಿದ ಲೆಕ್ಕ ನೋಡಿ ದುಬ್ವಾ ಸೋತೆನೆಂದುಕೊಂಡರು. ಸಾಕಿದ ಲೆಕ್ಕ ತೆಗೆದರೆ ಸತ್ತಿಹಳ್ಳಿ ಇಂದಿಗೂ ಊರಾಗಿ, ಧರ್ಮಕೇಂದ್ರವಾಗಿ ಉಳಿದಿದೆ.

2. ಗೋಡೆ ಮತ್ತು ಮಂದಿ

ಸತ್ತಿಹಳ್ಳಿಯಂತೆಯೇ ಇನ್ನೊಂದು ಊರು ಶೆಟ್ಟಿಹಳ್ಳಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಹೇಮಾವತಿಯ ದಂಡೆಯಲ್ಲಿ ಕಟ್ಟಿಸಿದ ರೋಸರಿ ಮಾತೆಯ ದೇವಾಲಯ ಅಲ್ಲಿದೆ. 1979ರಲ್ಲಿ ಗೊರೂರಿನ ಅಣೆಕಟ್ಟೆ ಮುಗಿದು, ಹಿನ್ನೀರು ಏರಿ, ಊರಿನವರು ಎದ್ದು ಬೇರೆಡೆ ನೆಲಸಬೇಕಾಯಿತು. ಇಂದು ಮಳೆಗಾಲದಲ್ಲಿ ಆ ಗುಡಿ ನೀರಿನಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ. ನೋಡಲು ಬರುವವರು ಫೋಟೊ ತೆಗೆದುಕೊಂಡು, ಪಾಳುಬಿದ್ದ ಚರ್ಚೆಂದು ಮರುಗಿ ಹೋಗುತ್ತಾರೆ. ಪಾಳುಬಿದ್ದದ್ದು ಗೋಡೆ. ಜಪಸರ ಹಿಡಿದ ಕೈಗಳು ಗುಳೆ ಹೊರಟ ಗಾಡಿಗಳ ಜೊತೆಗೇ ಬೇರೆ ಊರುಗಳಿಗೆ ಹೋದವು.

ಇದನ್ನು ಹೇಳುವುದಕ್ಕೆ ಕಾರಣವಿದೆ. ನಮಗೆ ಹಿಂದಿನವರು ಬಿಟ್ಟುಹೋದ ಗೋಡೆಗಳು ಬಹಳ. ವೆಸ್ಲಿಯನ್ ಮಿಷನ್ನಿನವರು ಮೈಸೂರು ಸೀಮೆಯಲ್ಲಿ ಶಾಲೆ ತೆರೆದರು, ಅಚ್ಚುಕೂಟ ನಡೆಸಿದರು. ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ಆ ಪರಂಪರೆಯದು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿದಾಗ ಆ ಪರಂಪರೆ ಅದರೊಳಗೆ ಸೇರಿತು. 1963ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರ ರಚನೆಯಾದಾಗ ಹಾಸನದ ಕಥೋಲಿಕ ಧರ್ಮಕೇಂದ್ರಗಳು ಅದಕ್ಕೆ ಸೇರಿದವು. ಈ ಸಂಸ್ಥೆಗಳು ಜಾತಿಮತ ನೋಡದೆ ಮಾಡಿದ ಸೇವೆಯನ್ನು ಜಿಲ್ಲೆ ಬಲ್ಲದು.

ಆದರೆ ಸಂಸ್ಥೆ ಬೆಳೆದಂತೆ ವಿಶ್ವಾಸಿ ಕುಗ್ಗಿದ. ಪ್ರಸಂಗ ಪಾದ್ರಿಯವರದು, ಪಾಠ ಭಾನುವಾರ ಶಾಲೆಯ ಟೀಚರದು, ರೋಗಿಯ ಮನೆಗೆ ಹೋಗುವುದು ಉಪದೇಶಿಯವರದು. ನಮ್ಮದೇನಿದ್ದರೂ ಕಾಣಿಕೆ ಹಾಕುವುದು, ಜಾತ್ರೆಗೂ ಸುಗ್ಗಿ ಹಬ್ಬಕ್ಕೂ ಓಡಾಡುವುದು. ವರ್ಷಕ್ಕೊಮ್ಮೆ ಶಾಮಿಯಾನ ಹಾಕಿಸಿ, ಹೊರಗಿನಿಂದ ಪ್ರಸಂಗಿಗಳನ್ನು ಕರೆಸಿ ಉಜ್ಜೀವನ ಕೂಟ ನಡೆಸಿದರೆ ವರ್ಷದ ಬಾಕಿ ತೀರಿತು.

ಬೇಸಾಯ ಬಲ್ಲ ತಮಗೆ ಒಂದು ಹೋಲಿಕೆ ಸಾಕು. ನಮ್ಮ ಜಿಲ್ಲೆಯ ಆಲೂಗಡ್ಡೆ ಬೆಳೆಗಾರ ಬಿತ್ತನೆ ಗಡ್ಡೆಗೆ ಜಲಂಧರದ ಲಾರಿ ಕಾಯಬೇಕು. ಗಡ್ಡೆ ತಡವಾದರೆ ಬಿತ್ತನೆಯೂ ತಡ. ಗಡ್ಡೆಯಲ್ಲಿ ರೋಗವಿದ್ದರೆ ಹೊಲಕ್ಕೂ ರೋಗ. ರಾಗಿಗೆ ನಮ್ಮ ಹಿರಿಯರು ಹಾಗೆ ಕಾದವರಲ್ಲ. ಕಣದಲ್ಲಿಯೇ ಒಳ್ಳೆಯ ತೆನೆ ಆರಿಸಿ, ಉಣ್ಣುವ ರಾಗಿಗೆ ಬೆರೆಸದೆ, ಮುಂದಿನ ವರ್ಷದ ಬೀಜಕ್ಕೆಂದು ಎತ್ತಿಡುತ್ತಿದ್ದರು. ನಮ್ಮ ಸಭೆಗಳು ಸುವಾರ್ತೆಯ ವಿಷಯದಲ್ಲಿ ಆಲೂಗಡ್ಡೆಯ ಬೇಸಾಯ ಮಾಡುತ್ತಿವೆ. ಬೀಜ ಮನೆಯಲ್ಲಿರಬೇಕು.

ಮನೆಯಲ್ಲಿ ಬೀಜವೇಕಿಲ್ಲ? ನಾನು ಮೂರು ಕಾರಣ ಕಾಣುತ್ತೇನೆ. ಒಂದು, ಅಂಜಿಕೆ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರೂ ಇಲ್ಲ. ಬಾಯಿಬಿಟ್ಟರೆ ಮತಾಂತರದ ಆರೋಪ ಬಂದೀತೆಂಬ ಭಯ ಸುಳ್ಳಲ್ಲ. ಎರಡು, ತಿಳಿವಳಿಕೆ ಸಾಲದೆಂಬ ಸಂಕೋಚ: ಯಾರಾದರೂ ಪ್ರಶ್ನೆ ಕೇಳಿದರೆ ಏನು ಹೇಳುವುದು? ಮೂರು, ಎಲ್ಲಕ್ಕಿಂತ ಆಳವಾದದ್ದು: ನಮ್ಮನ್ನು ಯಾರೂ ಹಾಗೆ ಸಾಕಲಿಲ್ಲ. ತೂಗಿಸಿಕೊಳ್ಳದ ಮಗು ತೂಗಲು ಕಲಿಯುವುದು ಕಷ್ಟ. ಒಂದೊಂದಾಗಿ ನೋಡೋಣ.

3. ಹಕ್ಕು ಮತ್ತು ಎಲ್ಲೆ

ಅಂಜಿಕೆಗೆ ಮೊದಲ ಮದ್ದು ತಿಳಿವಳಿಕೆ. ಸಂವಿಧಾನದ 25ನೆಯ ವಿಧಿ ಪ್ರತಿಯೊಬ್ಬರಿಗೂ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನೂ, ತನ್ನ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನೂ ಕೊಡುತ್ತದೆ. ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯಗಳ ಕಟ್ಟಿಗೆ ಅದನ್ನು ಒಳಪಡಿಸುತ್ತದೆ. ಪ್ರಸಾರವೆಂಬ ಮಾತು ಇರಬೇಕೆ ಬೇಡವೆ ಎಂದು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಬಿಸಿ ಚರ್ಚೆ ನಡೆಯಿತು. ಅದು ಇರಲೆಂದು ವಾದಿಸಿದವರಲ್ಲಿ ಕೆ.ಎಂ. ಮುನ್ಷಿ, ಟಿ.ಟಿ. ಕೃಷ್ಣಮಾಚಾರಿಯವರಂಥ ಕ್ರೈಸ್ತರಲ್ಲದ ಹಿರಿಯರಿದ್ದರೆಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಈ ಹಕ್ಕಿಗೆ ಎಲ್ಲೆಯೂ ಇದೆ. 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತನ್ನ ಧರ್ಮದ ತತ್ತ್ವಗಳನ್ನು ವಿವರಿಸಿ ಹರಡುವುದು ಹಕ್ಕು, ಇನ್ನೊಬ್ಬನನ್ನು ಮತಾಂತರಿಸುವುದು ಹಕ್ಕಲ್ಲವೆಂದು ಹೇಳಿತು. ನಮ್ಮ ರಾಜ್ಯದಲ್ಲಿ 2022ರಲ್ಲಿ ಬಂದ ಕಾಯ್ದೆ ಬಲವಂತ, ವಂಚನೆ, ಆಮಿಷಗಳಿಂದ ನಡೆಯುವ ಮತಾಂತರವನ್ನು ಅಪರಾಧವೆಂದಿತು. ಅದನ್ನು ಹಿಂತೆಗೆದುಕೊಳ್ಳಲು 2023ರ ಜೂನಿನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಕಾಯ್ದೆಗಳ ರಾಜಕೀಯಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ನನ್ನ ಮಾತು ಇಷ್ಟೆ: ಬಲವಂತ, ವಂಚನೆ, ಆಮಿಷ ಮೂರೂ ಕಾಯ್ದೆ ಇಲ್ಲದಿದ್ದರೂ ನಮಗೆ ಪಾಪವೇ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಇದನ್ನು ಘೋಷಿಸಿತು. 2011ರಲ್ಲಿ ವ್ಯಾಟಿಕನ್ನಿನ ಅಂತರಧರ್ಮೀಯ ಸಂವಾದ ಮಂಡಳಿ, ಜಾಗತಿಕ ಸಭೆಗಳ ಮಂಡಳಿ, ಜಾಗತಿಕ ಇವ್ಯಾಂಜೆಲಿಕಲ್ ಒಕ್ಕೂಟ ಮೂರೂ ಸೇರಿ ಹೊರಡಿಸಿದ ನೀತಿಸೂತ್ರಗಳೂ ಇದನ್ನೇ ಎತ್ತಿಹಿಡಿದಿವೆ.

ಆದ್ದರಿಂದ ಕೆಲವು ಕಟ್ಟುಪಾಡುಗಳನ್ನು ನಮಗೆ ನಾವೇ ಹಾಕಿಕೊಳ್ಳಬೇಕು. ಹಸಿದವನಿಗೆ ಅನ್ನವಿಟ್ಟು ಅದರ ಜೊತೆ ಶರತ್ತು ಇಡಬಾರದು. ಹಾಸಿಗೆ ಹಿಡಿದವನ ಭಯವನ್ನು ಬಳಸಿಕೊಳ್ಳಬಾರದು. ತಂದೆತಾಯಿಗೆ ತಿಳಿಯದಂತೆ ಮಕ್ಕಳಿಗೆ ಬೋಧಿಸಬಾರದು. ನೆರೆಯವರ ದೇವರನ್ನು ಹಳಿದು ನಮ್ಮ ದೇವರನ್ನು ಹೊಗಳಬಾರದು. ಸಾಕುವ ಹೊಣೆ ಹೊತ್ತವನಿಗೆ ಈ ನಿಯಮಗಳು ಭಾರವಾಗವು. ಆಮಿಷ ಬೇಕಾಗುವುದು ಅವಸರದಲ್ಲಿರುವವನಿಗೆ. ಹತ್ತು ವರ್ಷ ಜೊತೆಗಿರಲು ಸಿದ್ಧನಾದವನಿಗೆ ಅವಸರವೇಕೆ?

ಈ ನೆಲಕ್ಕೆ ಇಂಥ ನೀತಿ ಹೊಸದೂ ಅಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 1368ರ ಒಂದು ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ಬುಕ್ಕರಾಯ ಎರಡೂ ಕಡೆಯವರನ್ನು ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಜೈನದರ್ಶನಕ್ಕೆ ಆಗುವ ಹಾನಿಯನ್ನು ವೈಷ್ಣವರು ತಮ್ಮ ದರ್ಶನಕ್ಕೇ ಆದ ಹಾನಿಯೆಂದು ಎಣಿಸಬೇಕೆಂದು ಕಟ್ಟು ಮಾಡಿದ. ತಮ್ಮ ತಮ್ಮ ಮಾರ್ಗವನ್ನು ಯಾರೂ ಬಿಡಬೇಕಾಗಲಿಲ್ಲ, ಬಾಯಿ ಮುಚ್ಚಿಕೊಳ್ಳಬೇಕಾಗಲಿಲ್ಲ. ನೆರೆಯವನ ಗೌರವ ಕಾಯುವ ಹೊಣೆ ಇಬ್ಬರಿಗೂ ಬಂತು. ಅಂಥ ನೆಲದಲ್ಲಿ ಕ್ರಿಸ್ತನನ್ನು ಕುರಿತು ಮಾತಾಡುವವರು ಆ ಹೊಣೆಯನ್ನೂ ಹೊತ್ತೇ ಮಾತಾಡಬೇಕು. ವಿಚಾರಿಸಿದವರಿಗೆ ಉತ್ತರ ಕೊಡಲು ಸದಾ ಸಿದ್ಧರಿರಿ, ಅದನ್ನು ಸೌಮ್ಯವಾಗಿ ಕೊಡಿ ಎಂಬುದು ಪೇತ್ರನ ಮೊದಲನೆಯ ಪತ್ರದ ಬುದ್ಧಿವಾದದ ಸಾರವೂ ಹೌದು.

4. ತಿಳಿವಳಿಕೆ ಮತ್ತು ಭಾಷೆ

ಎರಡನೆಯದು, ನಮಗೇನೂ ಗೊತ್ತಿಲ್ಲವೆಂಬ ಸಂಕೋಚ. ಸಮಾರ್ಯದ ಬಾವಿಯ ಹತ್ತಿರ ಯೇಸುವನ್ನು ಕಂಡ ಹೆಂಗಸಿಗೆ ಯಾವ ತರಬೇತಿಯೂ ಇರಲಿಲ್ಲ. ಕೊಡವನ್ನು ಅಲ್ಲಿಯೇ ಬಿಟ್ಟು ಊರೊಳಗೆ ಹೋಗಿ, ತಾನು ಕಂಡದ್ದನ್ನು ಹೇಳಿ, ನೀವೇ ಬಂದು ನೋಡಿ ಎಂದಳು. ಅವಳ ಮಾತಿನಲ್ಲಿ ಖಚಿತ ತೀರ್ಮಾನಕ್ಕಿಂತ ಪ್ರಶ್ನೆಯೇ ಹೆಚ್ಚಿತ್ತು. ಸಾಕ್ಷಿ ಹೇಳುವವನಿಗೆ ಇರಬೇಕಾದದ್ದು ಕಂಡ ಅನುಭವ. ವಕೀಲನ ವಾದ ಅವನಿಂದ ಯಾರೂ ಬಯಸುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವ ಸಾಕ್ಷಿಯ ಮಾತಿಗೇ ನ್ಯಾಯಾಲಯದಲ್ಲೂ ತೂಕ ಹೆಚ್ಚು.

ಹಾಗೆಂದು ಕಲಿಯದಿರುವುದಕ್ಕೆ ಇದು ನೆಪವಾಗಬಾರದು. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಬೈಬಲ್ ಇಡಿಯಾಗಿ ಕನ್ನಡದಲ್ಲಿ ಸಿಕ್ಕಿತು. ಸುಮಾರು ಎರಡು ಶತಮಾನವಾದರೂ ನಮ್ಮ ಮನೆಗಳಲ್ಲಿ ಅದನ್ನು ಪ್ರಾರ್ಥನೆಯ ಹೊತ್ತಿಗೆ ಓದುವುದುಂಟು, ಕೂತು ಚರ್ಚಿಸುವುದು ಕಡಿಮೆ. ಓದಿದ್ದನ್ನು ನೆರೆಮನೆಯ ಕನ್ನಡದಲ್ಲಿ ಹೇಳುವುದಂತೂ ಇನ್ನೂ ಕಡಿಮೆ. ಚರ್ಚಿನೊಳಗಿನ ನಮ್ಮ ಕನ್ನಡ ಹೊರಗಿನವರ ಕಿವಿಗೆ ಬೇರೆ ಭಾಷೆಯಂತೆ ಕೇಳುತ್ತದೆ.

ಈ ಗೋಡೆಯನ್ನು ದಾಟಿದವರು ಉತ್ತಂಗಿ ಚನ್ನಪ್ಪನವರು. ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದುಕೊಂಡೇ ಊರೂರು ಅಲೆದು, ಜನರ ಬಾಯಲ್ಲಿಯೂ ಓಲೆಗಳಲ್ಲಿಯೂ ಇದ್ದ ಸರ್ವಜ್ಞನ ವಚನಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಬನಾರಸಕ್ಕೆ ಬೆತ್ಲಹೇಮಿನ ವಿನಂತಿಯನ್ನು ಬರೆದವರೂ ಅವರೇ. ಆ ಹೆಸರಿನಲ್ಲಿರುವ ವಿನಂತಿಯೆಂಬ ಪದವನ್ನು ಗಮನಿಸಬೇಕು. ನೆರೆಯವರ ಮನೆಯ ಸಿರಿಯನ್ನು ತಲೆಬಾಗಿ ಕಲಿತವರು ಮಾತ್ರ ತಮ್ಮ ಮನೆಯ ಸಿರಿಯನ್ನು ಹಾಗೆ ವಿನಂತಿಯಾಗಿ ಮುಂದಿಡಬಲ್ಲರು.

ಇನ್ನೊಂದು ಮೇಲ್ಪಂಕ್ತಿ ನಮ್ಮ ನಡುವೆಯೇ, ಹೊಳೆನರಸೀಪುರದಲ್ಲಿದೆ. ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು 1920ರಲ್ಲಿ ಆರಂಭಿಸಿದ ಅಧ್ಯಾತ್ಮಪ್ರಕಾಶ ಕಾರ್ಯಾಲಯ ಮುಂದೆ ಅಲ್ಲಿ ನೆಲೆಯೂರಿತು. ಶಂಕರರ ವೇದಾಂತವನ್ನು ಸಾಮಾನ್ಯ ಓದುಗನಿಗೂ ಎಟುಕುವ ಕನ್ನಡದಲ್ಲಿ ತಿಳಿಸಲು ಸ್ವಾಮಿಗಳು 1975ರಲ್ಲಿ ತೀರಿಕೊಳ್ಳುವವರೆಗೂ ಬರೆದರು, ಪಾಠ ಹೇಳಿದರು. ಸಿದ್ಧಾಂತದಲ್ಲಿ ನಮಗೂ ಅವರಿಗೂ ದೂರ. ಆದರೆ ನಂಬಿದ್ದನ್ನು ನೆಲದ ನುಡಿಯಲ್ಲಿ, ಅಬ್ಬರವಿಲ್ಲದೆ, ಆಯುಷ್ಯವಿಡೀ ಹೇಳುವುದೆಂದರೆ ಏನೆಂದು ಕಲಿಯಲು ಹೊಳೆ ದಾಟಿ ದೂರ ಹೋಗಬೇಕಾಗಿಲ್ಲ.

5. ಸಾಕುವ ಪರಂಪರೆ

ಮೂರನೆಯ ಕಾರಣಕ್ಕೆ ಬರುತ್ತೇನೆ: ನಮ್ಮನ್ನು ಯಾರೂ ಸಾಕಲಿಲ್ಲ. ಮೊದಲ ಶತಮಾನದ ಸಭೆಯಲ್ಲಿ ಹಾಗಿರಲಿಲ್ಲ. ಸೌಲನನ್ನು ಕಂಡರೆ ಎಲ್ಲರೂ ಹೆದರುತ್ತಿದ್ದಾಗ ಅವನ ಕೈಹಿಡಿದು ಅಪೊಸ್ತಲರ ಮುಂದೆ ನಿಲ್ಲಿಸಿದವನು ಬಾರ್ನಬ. ಆ ಸೌಲನೇ ಪೌಲನಾಗಿ, ಅರ್ಧದಾರಿಯಲ್ಲಿ ಬಿಟ್ಟುಹೋಗಿದ್ದ ಮಾರ್ಕನನ್ನು ಮತ್ತೆ ಕರೆದೊಯ್ಯಲು ಒಪ್ಪದಿದ್ದಾಗ, ಮಾರ್ಕನ ಪರ ನಿಂತವನೂ ಬಾರ್ನಬನೇ. ವಾಕ್ಚಾತುರ್ಯವಿದ್ದ ಅಪೊಲ್ಲೋಸನ ತಿಳಿವಳಿಕೆ ಅರೆಕೊರೆಯಾಗಿದ್ದಾಗ ಪ್ರಿಸ್ಕಿಲ್ಲ ಮತ್ತು ಅಕ್ವಿಲ ಎಂಬ ಗುಡಾರ ಹೊಲಿಯುವ ದಂಪತಿ ಸಭೆಯಲ್ಲಿ ಅವನನ್ನು ತಿದ್ದದೆ, ತಮ್ಮಲ್ಲಿಗೆ ಕರೆದುಕೊಂಡು ತಿಳಿಸಿಕೊಟ್ಟರು. ತಿಮೊಥೆಯನ ವಿಶ್ವಾಸದ ಬೇರನ್ನು ಪೌಲ ಕಾಣುವುದು ಅವನ ಅಜ್ಜಿ ಲೋವಿ, ತಾಯಿ ಯೂನಿಕೆ ಇವರಲ್ಲಿ. ತನ್ನಿಂದ ಕೇಳಿದ್ದನ್ನು ನಂಬಿಗಸ್ತರಿಗೆ ಒಪ್ಪಿಸು, ಅವರು ಮತ್ತೊಬ್ಬರಿಗೆ ಕಲಿಸಲಿ ಎಂದು ಅವನಿಗೆ ಬರೆಯುವಾಗ ಒಂದೇ ಮಾತಿನಲ್ಲಿ ನಾಲ್ಕು ತಲೆಮಾರು ಬರುತ್ತವೆ. ಈ ಪಟ್ಟಿಯಲ್ಲಿ ಅಜ್ಜಿಯಿದ್ದಾಳೆ, ಕಸುಬುದಾರರಿದ್ದಾರೆ, ಎಡವಿದ ಯುವಕನಿದ್ದಾನೆ. ಶಾಮಿಯಾನವಿಲ್ಲ.

ಅರಕಲಗೂಡು ತಾಲ್ಲೂಕಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾವೇರಿ ದಂಡೆಯ ರುದ್ರಪಟ್ಟಣ ಸಂಗೀತಗಾರರ ಊರು. ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ (1920–2014) ತಂದೆಯಿಂದಲೂ ಅಣ್ಣನಿಂದಲೂ ಪಾಠ ಹೇಳಿಸಿಕೊಂಡು, ಮುಂದೆ ಎಷ್ಟೋ ಶಿಷ್ಯರಿಗೆ ಪಾಠ ಹೇಳಿದರು. ನಮ್ಮ ಸಂಗೀತದಲ್ಲಿ ಶಿಷ್ಯ ಗುರುವಿನ ಹಿಂದೆ ಕೂತು ತಂಬೂರಿ ಮೀಟುತ್ತಾನೆ. ಗುರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಎಲ್ಲಿ ತಪ್ಪಿ ಸಾವರಿಸಿಕೊಳ್ಳುತ್ತಾನೆ ಎಂಬುದೆಲ್ಲ ಅವನಿಗೆ ಅಲ್ಲಿಂದ ಕಾಣುತ್ತದೆ. ಪುಸ್ತಕ ಕೀರ್ತನೆಯ ಸಾಹಿತ್ಯ ಕೊಟ್ಟೀತು, ಉಸಿರಿನ ಜಾಗ ತೋರಿಸದು. ಪ್ರಾರ್ಥನೆಯನ್ನೂ ಕ್ಷಮಿಸುವುದನ್ನೂ ಸಾಲದ ನಡುವೆ ಸತ್ಯ ಬಿಡದಿರುವುದನ್ನೂ ಕಿರಿಯರು ಕಲಿಯುವುದು ಹಿರಿಯರ ಬೆನ್ನ ಹಿಂದೆ ಕೂತು. ಅಷ್ಟು ಹತ್ತಿರ ಕೂರಲು ನಾವು ಎಷ್ಟು ಮಂದಿಯನ್ನು ಬಿಟ್ಟುಕೊಂಡಿದ್ದೇವೆ?

ಹತ್ತಿರ ಬಿಟ್ಟುಕೊಳ್ಳುವುದರಲ್ಲಿ ಅಪಾಯವೂ ಇದೆ. ಗುರುವಾದವನು ಒಡೆಯನಾಗಬಹುದು. ಆದ್ದರಿಂದ ಸಾಕುವವನು ಸಭೆಗೆ ಲೆಕ್ಕ ಒಪ್ಪಿಸುವವನಾಗಿರಬೇಕು. ಹಣದ ವ್ಯವಹಾರ ನಡುವೆ ಬರಬಾರದು. ಹೆಂಗಸರಿಗೆ ಹೆಂಗಸರೂ ಗಂಡಸರಿಗೆ ಗಂಡಸರೂ ಜೊತೆಯಾಗುವುದು ಒಳ್ಳೆಯದು. ಮಕ್ಕಳ ವಿಷಯದಲ್ಲಿ ಎಲ್ಲವೂ ಹೆತ್ತವರ ಕಣ್ಣೆದುರಿಗೇ ನಡೆಯಬೇಕು. ಕರು ಹಾಲು ಬಿಡುವ ಕಾಲಕ್ಕೆ ಬಿಡಲೇಬೇಕು. ತನ್ನ ಬಳಿ ಕಲಿತವರು ತನ್ನನ್ನು ಕೇಳದೆ ನಡೆಯಬಲ್ಲರೆಂಬುದು ಸಾಕಿದವನಿಗೆ ಹೆಮ್ಮೆಯಾಗಬೇಕು, ನೋವಾಗಬಾರದು.

6. ಎಲ್ಲಿಂದ ಆರಂಭ?

ಹೊಸ ಯೋಜನೆಯನ್ನೂ ಹೊಸ ಸಮಿತಿಯನ್ನೂ ನಾನು ಸೂಚಿಸುವುದಿಲ್ಲ. ಸಭೆಯಲ್ಲಿ ಈಗಾಗಲೇ ಇರುವ ಒಂದು ಸಂಬಂಧಕ್ಕೆ ಜೀವ ಬಂದರೆ ಆದೀತು. ಜ್ಞಾನಸ್ನಾನದ ದಿನ ಪ್ರತಿ ಮಗುವಿಗೂ ಜ್ಞಾನತಂದೆ, ಜ್ಞಾನತಾಯಿ ಇರುತ್ತಾರೆ. ವಿಶ್ವಾಸದಲ್ಲಿ ಈ ಮಗುವನ್ನು ಬೆಳೆಸುತ್ತೇವೆಂದು ಅವರು ದೇವರ ಎದುರು ಮಾತು ಕೊಡುತ್ತಾರೆ. ಆಮೇಲೆ ಬಟ್ಟೆ, ಉಂಗುರ, ಊಟ. ಮತ್ತೆ ಸಿಗುವುದು ಮದುವೆಯ ಮನೆಯಲ್ಲಿ. ಆ ಮಾತನ್ನು ನಿಜವಾಗಿ ನಡೆಸಿದರೆ ಪ್ರತಿ ಸಭೆಯಲ್ಲಿಯೂ ಡಜನ್‌ಗಟ್ಟಲೆ ಗುರುಶಿಷ್ಯರ ಜೋಡಿಗಳು ನಾಳೆಯೇ ಸಿದ್ಧ. ತಿಂಗಳಿಗೊಮ್ಮೆ ಭೇಟಿ, ಒಂದು ಅಧ್ಯಾಯದ ಓದು, ಒಂದು ಪ್ರಾಮಾಣಿಕ ಪ್ರಶ್ನೆ, ಒಂದು ಪ್ರಾರ್ಥನೆ. ದೃಢೀಕರಣದ ಪಾಠ ಮುಗಿದ ಹುಡುಗ ಹುಡುಗಿಯರಿಗೂ, ಓದಿಗೋ ಕೆಲಸಕ್ಕೋ ಬೆಂಗಳೂರಿಗೆ ಹೋದವರಿಗೂ ಇದೇ ಕ್ರಮ ಹೊಂದುತ್ತದೆ. ಊರು ಬಿಟ್ಟ ಹುಡುಗನಿಗೆ ವಾರಕ್ಕೊಂದು ಫೋನ್ ಮಾಡುವ ಒಬ್ಬ ಹಿರಿಯರಿದ್ದರೆ, ಅವನ ವಿಶ್ವಾಸ ಒಂಟಿಯಾಗುವುದಿಲ್ಲ.

ಹೊರಗಿನವರ ವಿಷಯ? ಸಾಕಲು ಕಲಿತವರಿಗೆ ಅದು ತಾನಾಗಿಯೇ ಒದಗುತ್ತದೆ. ಕಷ್ಟದ ದಿನ ಬಾಗಿಲು ತಟ್ಟಿದ ನೆರೆಯವರು ಒಂದಲ್ಲ ಒಂದು ದಿನ, ನಿಮಗೆ ಈ ಧೈರ್ಯ ಎಲ್ಲಿಂದ ಬರುತ್ತದೆ ಎಂದು ಕೇಳಿಯೇ ಕೇಳುತ್ತಾರೆ. ಅಂದು ಪಾದ್ರಿಯವರನ್ನು ತೋರಿಸಿ ಜಾರಿಕೊಳ್ಳದೆ, ಕ್ರಿಸ್ತನ ಹೆಸರು ಹೇಳಿ, ನಮ್ಮ ಕಥೆ ಹೇಳಿ, ಅಲ್ಲಿಗೆ ನಿಲ್ಲಿಸಬೇಕು. ಕೇಳಿದವರು ಒಪ್ಪಲಿ ಬಿಡಲಿ, ಮರುದಿನವೂ ಅವರ ಬಾಗಿಲಿಗೆ ಅದೇ ಮುಖ ಹೊತ್ತು ಹೋಗಬೇಕು. ಒಪ್ಪದವರೊಡನೆ ಸ್ನೇಹ ಕಡಿದುಕೊಂಡರೆ, ನಾವು ಹೇಳಿದ್ದು ಸುವಾರ್ತೆಯಾಗಿರಲಿಲ್ಲ, ವ್ಯಾಪಾರವಾಗಿತ್ತು.

ಮಹನೀಯರೆ, ದುಬ್ವಾ ಅವರ ಪುಸ್ತಕವನ್ನು ಓದುವಾಗ ಆ ವೃದ್ಧನ ನಿರಾಶೆಯ ಬಗ್ಗೆ ನನಗೆ ಗೌರವವೇ ಮೂಡುತ್ತದೆ. ಸುಳ್ಳು ಲೆಕ್ಕ ಬರೆದು ಯಾರನ್ನೂ ಮೆಚ್ಚಿಸಲು ಅವರು ಹೋಗಲಿಲ್ಲ. ಆದರೆ ಅವರು ಪ್ಯಾರಿಸ್ಸಿನಲ್ಲಿ ಕಣ್ಣುಮುಚ್ಚಿದ 1848ರಲ್ಲಿಯೂ ಸತ್ತಿಹಳ್ಳಿಯ ಯಾವುದೋ ಮನೆಯಲ್ಲಿ ಯಾವುದೋ ಅಜ್ಜಿ ಮೊಮ್ಮಗುವಿನ ಬೆರಳು ಹಿಡಿದು ಹಣೆಗೆ, ಎದೆಗೆ, ಭುಜಕ್ಕೆ ಶಿಲುಬೆಯ ಗುರುತು ಮುಟ್ಟಿಸಿರಬೇಕು. ಯಾವ ಪತ್ರದಲ್ಲಿಯೂ ದಾಖಲಾಗದ ಆ ಕೆಲಸದ ಫಲವಾಗಿ ನಮ್ಮಲ್ಲಿ ಎಷ್ಟೋ ಜನ ಇಂದು ಇಲ್ಲಿ ಕೂತಿದ್ದೇವೆ. ಆ ಅಜ್ಜಿ ತಾನು ಉಣ್ಣುವ ರಾಗಿಯಿಂದ ಬೀಜದ ತೆನೆಯನ್ನು ಬೇರೆ ತೆಗೆದಿಟ್ಟಿದ್ದಳು. ನಾವು ತೆಗೆದಿಟ್ಟಿರುವುದು ಯಾರಿಗಾಗಿ ಎಂದು ಕೇಳಿಕೊಳ್ಳುತ್ತ, ಒಬ್ಬರ ಹೆಸರನ್ನಾದರೂ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿಂದ ಹೋಗೋಣವೆಂದು ಕೋರಿ, ನನ್ನ ಮಾತು ಮುಗಿಸುತ್ತೇನೆ.